ಕಂಚಾಗಲೊಲ್ಲದ ಮಹಾಶಯರಿಗೊಂದು ಬಹಿರಂಗ ಪತ್ರ

ಗೆ,
ಶ್ರೀ ವಿಲ್ಲೋ ಮನುಷ್ಯ ಅವರು,
ಎಂ-5 ಹೆದ್ದಾರಿಯ ಪಕ್ಕ, ಬ್ರಿಡ್ಜ್‌ವಾಟರ್ ಹತ್ತಿರ,
ಸಾಮರ್‌ಸೆಟ್, ಇಂಗ್ಲೆಂಡ್.

ವಿಷಯ: ಸಾರ್ವಜನಿಕ ಪ್ರತಿಮೆಯಾಗಿ ತಮ್ಮ ನಡವಳಿಕೆ ತೃಪ್ತಿಕರವಾಗಿಲ್ಲದಿರುವ ಬಗ್ಗೆ.

ಮಾನ್ಯರೇ,

ತಮ್ಮ ಮೇಲೆ ನನಗೆ ವೈಯಕ್ತಿಕ ಸಿಟ್ಟು ಏನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ತಮಗೆ ಬೆಂಕಿ ಇಟ್ಟವನು ನಾನಲ್ಲ. ತಮ್ಮ ತಲೆಯ ಕಡ್ಡಿ ಕಿತ್ತೊಯ್ದ ಹಕ್ಕಿಗಳ ಜೊತೆಗೂ ನನಗೆ ಯಾವ ವ್ಯವಹಾರವಿಲ್ಲ. ಆದರೆ ಪ್ರತಿಮೆಗಳ ವಿಷಯದಲ್ಲಿ ಅಪಾರ ಅನುಭವ ಇರುವ ನಾಡಿನವನು ನಾನು. ವೃತ್ತಕ್ಕೊಬ್ಬರು, ಬಸ್ ನಿಲ್ದಾಣಕ್ಕೊಬ್ಬರು ಎಂಬಂತೆ ಮಹನೀಯರನ್ನು ನಿಲ್ಲಿಸಿಕೊಂಡು, ಅವರು ಚಾಚಿದ ಕೈಯ ನೆರಳಲ್ಲೇ ತಳ್ಳುಗಾಡಿ ಇಟ್ಟು ಬದುಕುವವರು ನಾವು. ಪ್ರತಿಮೆ ಹೇಗೆ ನಡೆದುಕೊಳ್ಳಬೇಕೆಂದು ನಮಗೆ ಚೆನ್ನಾಗಿ ಗೊತ್ತು. ನಿಲ್ಲಿಸಿದಲ್ಲಿ ನಿಲ್ಲಬೇಕು. ಜಯಂತಿಯ ದಿನ ಹಾರ ಹಾಕಿಸಿಕೊಳ್ಳಬೇಕು. ಉಳಿದ 364 ದಿನ ಯಾರಿಗೂ ತೊಂದರೆ ಕೊಡಬಾರದು. ತಾವು ಇದರಲ್ಲಿ ಒಂದನ್ನಾದರೂ ಪಾಲಿಸಿದ್ದರೆ ಈ ಪತ್ರ ಬರೆಯುವ ಕಷ್ಟ ನನಗೂ ತಪ್ಪುತ್ತಿತ್ತು.

ಮೊದಲಿಗೆ, ತಾವು ನಿಲ್ಲಲೇ ಇಲ್ಲ. ಎರಡೂ ತೋಳು ಚಾಚಿ ದಾಪುಗಾಲು ಹಾಕುತ್ತ ಹೆದ್ದಾರಿಯ ಪಕ್ಕದ ಹೊಲದಲ್ಲಿ ಕಾಣಿಸಿಕೊಂಡಿರಿ. 2000ನೇ ಇಸವಿಯಲ್ಲಿ ಸೌತ್ ವೆಸ್ಟ್ ಆರ್ಟ್ಸ್ ಸಂಸ್ಥೆ ಕೇಳಿಕೊಂಡಿತು, ಕಲಾವಿದೆ ಸೆರೀನಾ ಡಿ ಲಾ ಹೇ ತಮ್ಮನ್ನು ಹೆಣೆದರು, ಸೆಪ್ಟೆಂಬರ್‌ನಲ್ಲಿ ತಮ್ಮ ಅನಾವರಣವಾಯಿತು. ಎತ್ತರ 12 ಮೀಟರ್, ತೋಳಿನಿಂದ ತೋಳಿಗೆ 5 ಮೀಟರ್. ಒಳಗೆ 3 ಟನ್ ಉಕ್ಕಿನ ಚೌಕಟ್ಟು, ಮೇಲೆ ಬ್ಲ್ಯಾಕ್ ಮಾಲ್ ಎಂಬ ತಳಿಯ ವಿಲ್ಲೋ ಸೆಳೆಗಳ ಹೊದಿಕೆ. ಎತ್ತರದ ಬಗ್ಗೆ ನಮ್ಮ ತಕರಾರಿಲ್ಲ. ಎತ್ತರ ಇದ್ದರೆ ನಾವು ಬೇರೆ ಏನನ್ನೂ ಕೇಳುವುದಿಲ್ಲ. ತಕರಾರು ಇರುವುದು ಆ ಸೆಳೆಗಳ ಬಗ್ಗೆ.

ತಮಗಿಂತ ಎರಡೇ ವರ್ಷ ಹಿರಿಯರಾದ ಉತ್ತರದ ದೇವದೂತರನ್ನು ನೋಡಿ. ಗೇಟ್ಸ್‌ಹೆಡ್ ಊರಿನ ದಿಬ್ಬದ ಮೇಲೆ ಆಂಟನಿ ಗಾರ್ಮ್ಲಿ 1998ರಲ್ಲಿ ನಿಲ್ಲಿಸಿದ ಆ ಮೂರ್ತಿ 20 ಮೀಟರ್ ಎತ್ತರ. ರೆಕ್ಕೆಯ ಅಗಲ 54 ಮೀಟರ್. ತೂಕ ಸುಮಾರು 200 ಟನ್. ಅದರ ಉಕ್ಕು ಎಂಥದೆಂದರೆ, ಮೇಲ್ಗಡೆ ಹಿಡಿದ ತುಕ್ಕೇ ಒಳಗಿನ ಲೋಹವನ್ನು ಕಾಯುತ್ತದೆ. ನೂರು ವರ್ಷಕ್ಕೂ ಮೀರಿ ಬಾಳಲೆಂದೇ ಲೆಕ್ಕ ಹಾಕಿ ಕಟ್ಟಿದ್ದು. ತಮ್ಮನ್ನೂ ಜನ ಪ್ರೀತಿಯಿಂದ ದಕ್ಷಿಣದ ದೇವದೂತ ಎಂದು ಕರೆದರು. ಹೆಸರಿನ ಮರ್ಯಾದೆಗಾದರೂ ತಾವು ತುಕ್ಕು ಹಿಡಿಯುವುದನ್ನು ಕಲಿಯಬಹುದಿತ್ತು. ಇಷ್ಟು ದೂರ ಏಕೆ, ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಕಾಲಿಗೂ ತೋಳಿಗೂ ಬಳ್ಳಿ ಹಬ್ಬಿದೆ. ಕಲ್ಲಿನ ಬಳ್ಳಿ. ಸಾವಿರ ವರ್ಷದಲ್ಲಿ ಅದು ಒಂದು ಎಲೆ ಉದುರಿಸಿಲ್ಲ, ಒಂದು ಚಿಗುರು ಹೆಚ್ಚಿಗೆ ಬಿಟ್ಟಿಲ್ಲ. ಸಸ್ಯವರ್ಗಕ್ಕೆ ಶಿಸ್ತು ಎಂದರೆ ಅದು.

ತಮ್ಮ ಮನೆತನದ ಪರಿಚಯ ನಮಗೆ ಇಲ್ಲವೆಂದು ತಿಳಿಯಬೇಡಿ. ಕ್ರಿಕೆಟ್ ಬ್ಯಾಟಿನ ಮರವಾದ ವಿಲ್ಲೋ ಎಂದರೆ ಕನ್ನಡಿಗರಿಗೆ ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್. ತಮ್ಮ ಹೊಲದಿಂದ ಸ್ವಲ್ಪವೇ ದೂರದ ಟಾಂಟನ್ ಮೈದಾನದಲ್ಲಿ, 1999ರ ಮೇ 26ರಂದು, ಶ್ರೀಲಂಕಾದ ವಿರುದ್ಧ ನಮ್ಮ ರಾಹುಲ್ ದ್ರಾವಿಡ್ 145 ರನ್ ಹೊಡೆದರು. ಗಂಗೂಲಿಯವರ ಜೊತೆ ಸೇರಿ 318 ರನ್ನುಗಳ ಜೊತೆಯಾಟ. ಅಂದು ಆ ಜಿಲ್ಲೆಯಲ್ಲಿ ವಿಲ್ಲೋ ಹೇಗೆ ವರ್ತಿಸಬೇಕೋ ಹಾಗೆಯೇ ವರ್ತಿಸಿತು. ಆದರೆ ಬ್ಯಾಟು ಆಗುವುದು ದಪ್ಪ ಕಾಂಡದ ದೊಡ್ಡ ಮರ. ತಾವು ಆ ವಂಶದ ಬಡ ಕವಲು: ಜೌಗು ನೆಲದಲ್ಲಿ ಬುಡದಿಂದ ಪೊದೆಯಾಗಿ ಏಳುವ, ವರ್ಷಕ್ಕೊಮ್ಮೆ ಕೊಯ್ಲಾಗುವ ಜಾತಿ.

ಆ ಕೊಯ್ಲಿನ ವಿಷಯಕ್ಕೆ ಬಂದರೆ ನನಗೂ ಸ್ವಲ್ಪ ಮನಸ್ಸು ಮೆತ್ತಗಾಗುತ್ತದೆ. ಪತ್ರದ ಗಾಂಭೀರ್ಯಕ್ಕೆ ಇದು ಒಳ್ಳೆಯದಲ್ಲ, ಆದರೂ ಹೇಳುತ್ತೇನೆ. ಸಾಮರ್‌ಸೆಟ್ ಲೆವೆಲ್ಸ್ ಎಂಬ ತಗ್ಗು ಬಯಲು ಮಳೆ ಹೆಚ್ಚಾದರೆ ಕೆರೆಯಾಗುವಂಥದ್ದು. ಬೇರೆ ಬೆಳೆಗೆ ಶಾಪವಾದ ಆ ನೀರಿನಲ್ಲಿ ವಿಲ್ಲೋ ನಿಶ್ಚಿಂತೆಯಾಗಿ ನಿಲ್ಲುತ್ತದೆ. ಒಮ್ಮೆ ನೆಟ್ಟ ಬುಡ ಇಪ್ಪತ್ತೈದು ಮೂವತ್ತು ವರ್ಷ ಕೂಳೆ ಬೆಳೆಯ ಹಾಗೆ ಮತ್ತೆ ಮತ್ತೆ ಚಿಗುರುತ್ತದೆ. ವಸಂತದಲ್ಲಿ ಮೊಳೆತ ಸೆಳೆ ಆ ವರ್ಷದ ಎಲೆ ಉದುರುವಷ್ಟರಲ್ಲಿ ಆಳೆತ್ತರ ದಾಟಿರುತ್ತದೆ. ಚಳಿಗಾಲದಲ್ಲಿ ಬುಡಮಟ್ಟ ಕೊಯ್ದು ಕಂತೆ ಕಟ್ಟುತ್ತಾರೆ. ಉದ್ದ ಬೇರ್ಪಡಿಸಲು ಕಂತೆಯನ್ನು ನೆಲದಲ್ಲಿ ಹೂತ ಪೀಪಾಯಿಯೊಳಗೆ ನಿಲ್ಲಿಸಿ, ಎಲ್ಲಕ್ಕಿಂತ ಮೇಲೆ ಕಾಣುವುದನ್ನು ಮೊದಲು ಎಳೆಯುತ್ತಾರೆ. ಆಮೇಲೆ ಅವರವರ ಹಣೆಬರಹ. ತೊಗಟೆಯ ಸಮೇತ ಒಣಗಿಸಿದರೆ ಕಂದು. ತೊಗಟೆ ಇದ್ದಂತೆಯೇ ಗಂಟೆಗಟ್ಟಲೆ ಬೇಯಿಸಿ ಆಮೇಲೆ ಸುಲಿದರೆ, ತೊಗಟೆಯ ಒಗರು ಒಳಕ್ಕೆ ಇಳಿದು ಜೇನಿನ ಬಣ್ಣ. ನೀರಲ್ಲಿ ನಿಲ್ಲಿಸಿ, ವಸಂತದಲ್ಲಿ ರಸ ಏರಿ ಮೊಗ್ಗೊಡೆಯುವಾಗ ಸುಲಿದರೆ ಬಿಳುಪು. ಕೊಯ್ದ ಮೇಲೂ ಕಡ್ಡಿಗೆ ವಸಂತ ಬಂದದ್ದು ಗೊತ್ತಾಗುತ್ತದೆ ಎಂಬುದನ್ನು ಗಮನಿಸಿ. ತಮ್ಮ ದುರ್ನಡತೆಯ ಮೂಲ ಇಲ್ಲಿಯೇ ಇದೆ.

ಒಣಗಿದ ಮೇಲೆ ಅದನ್ನು ಮತ್ತೆ ಬಾಗಿಸಬೇಕಾದರೆ ನೆನೆಹಾಕಬೇಕು. ತೊಗಟೆ ಇರುವ ಕಡ್ಡಿಗೆ ಹೆಣೆಯುವವರ ಲೆಕ್ಕ ಸರಳ: ಒಂದು ಅಡಿಗೆ ಒಂದು ದಿನ. ಆರಡಿ ಉದ್ದ ಬೇಕೆಂದರೆ ವಾರದ ಹತ್ತಿರ. ಕಡಿಮೆ ನೆನೆದರೆ ಬಾಗುವಲ್ಲಿ ಪಟ್ಟೆಂದು ಮುರಿಯುತ್ತದೆ. ಹೆಚ್ಚು ನೆನೆದರೆ ಲೋಳೆಯಾಗಿ ತೊಗಟೆ ಕೈಗೇ ಬರುತ್ತದೆ. ಯಾವ ಸಚಿವರ ದಿನಾಂಕಕ್ಕೂ ಇದು ಬೇಗ ಆಗುವುದಿಲ್ಲ. ಕಂಚನ್ನು ಕರಗಿಸಿ ಅಚ್ಚಿಗೆ ಸುರಿದರೆ ಅಚ್ಚು ಹೇಳಿದಂತೆ ಕೇಳುತ್ತದೆ; ಕಲ್ಲು ಏಟು ತಿಂದಾದರೂ ಒಪ್ಪುತ್ತದೆ. ತಮ್ಮ ಸೆಳೆ ಹಾಗಲ್ಲ. ಬುಡದ ಕಡೆ ದಪ್ಪ, ತುದಿಯ ಕಡೆ ಸಣ್ಣ. ಎಲ್ಲೆಂದರಲ್ಲಿ ಬಾಗಿಸುತ್ತೇನೆಂದರೆ ಬಾಗದು. ಎಷ್ಟು ಬಾಗಬಲ್ಲದು ಎಂಬುದನ್ನು ಅದು ಹೇಳುತ್ತದೆ, ಕೈ ಕೇಳಿಕೊಳ್ಳುತ್ತದೆ. ಮೊಣಕಾಲೋ ಹೆಗಲೋ ಮೂಡುವುದು ಈ ಮಾತುಕತೆ ಮುಗಿದ ಮೇಲೆ. ಆಜ್ಞೆ ಪಾಲಿಸಲು ಹೇಳಿದರೆ ಚರ್ಚೆಗೆ ಕೂರುವ ವಸ್ತುವನ್ನು ಯಾವ ಇಲಾಖೆ ತಾನೇ ಮೆಚ್ಚೀತು?

ಇನ್ನು ಘಟನೆಗಳಿಗೆ ಬರೋಣ. 2001ರ ಮೇ 8ರಂದು ಯಾರೋ ತಮಗೆ ಬೆಂಕಿ ಇಟ್ಟರು. ವರ್ಷವೂ ತುಂಬಿರಲಿಲ್ಲ. ತಾವು ಉರಿದಿರಿ, ಉಕ್ಕು ಉಳಿಯಿತು. ಇದರಲ್ಲಿ ತಮ್ಮ ತಪ್ಪು ಏನೆಂದು ಕೇಳುವಿರಿ. ತಮ್ಮ ಪೂರ್ವಜರ ದಾಖಲೆ ಸರಿಯಿಲ್ಲ ಸ್ವಾಮಿ. ಜೂಲಿಯಸ್ ಸೀಸರ್ ತನ್ನ ಗಾಲ್ ಯುದ್ಧದ ಬರಹದಲ್ಲಿ, ಗಾಲ್ ಜನರು ಕಡ್ಡಿಗಳಿಂದ ಹೆಣೆದ ದೈತ್ಯ ಆಕೃತಿಗಳೊಳಗೆ ಜೀವಂತ ಮನುಷ್ಯರನ್ನು ತುಂಬಿ ಸುಡುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಅವನು ಗೆಲ್ಲಬೇಕಿದ್ದ ಜನರ ಬಗ್ಗೆ ಅವನೇ ಬರೆದದ್ದು. ಎಷ್ಟು ನಂಬಬೇಕೋ ಅಷ್ಟು ನಂಬಿದರೆ ಸಾಕು. 1676ರಲ್ಲಿ ಏಲೆಟ್ ಸ್ಯಾಮ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು ತಮ್ಮ ಪುಸ್ತಕದಲ್ಲಿ ಅದರ ಚಿತ್ರವನ್ನೇ ಹಾಕಿಸಿದರು. 1973ರಲ್ಲಿ ಅದೇ ಕಥೆ ಸಿನಿಮಾ ಆಯಿತು. ಹೀಗೆ ಎರಡು ಸಾವಿರ ವರ್ಷ ಕಡ್ಡಿಯ ಮನುಷ್ಯ ಎಂದರೆ ಸುಡುವುದಕ್ಕೆ ಎಂದು ಜನರಿಗೆ ಪಾಠ ಹೇಳಿ, ಆಮೇಲೆ ಹೊಲದ ನಡುವೆ ತಾವು ಕೈಚಾಚಿ ನಿಂತರೆ ಹೇಗೆ? ಬ್ರಿಡ್ಜ್‌ವಾಟರ್ ಬೇರೆ ನವೆಂಬರ್ ಬಂತೆಂದರೆ ಬೀದಿಯಲ್ಲಿ ಬೆಂಕಿಯ ಕಿಡಿ ಚಿಮ್ಮಿಸಿ ಕಾರ್ನಿವಲ್ ಮಾಡುವ ಊರು.

ಬೆಂಕಿ ಇಟ್ಟವರ ಮೇಲೂ ನನಗೊಂದು ದೂರಿದೆ. ಅವರಿಗೆ ಕಸುಬು ತಿಳಿದಿರಲಿಲ್ಲ. ಅದೇ ಬಯಲಿನ ಸ್ಟೋಕ್ ಸೇಂಟ್ ಗ್ರೆಗರಿ ಎಂಬ ಹಳ್ಳಿಯಲ್ಲಿ, 1819ರಿಂದ ವಿಲ್ಲೋ ಬೆಳೆಯುತ್ತ ಬಂದಿರುವ ಕೋಟ್ ಮನೆತನದವರು ಇದೇ ಸೆಳೆಯನ್ನು ಸುಟ್ಟು ಚಿತ್ರಕಾರರಿಗೆ ಇದ್ದಿಲ ಕಡ್ಡಿ ಮಾಡುತ್ತಾರೆ. ಡಬ್ಬಿಯೊಳಗೆ ಒತ್ತೊತ್ತಾಗಿ ತುಂಬಿ, ಗಾಳಿಯಾಡದಂತೆ ಮುಚ್ಚಿ ಸುಡಬೇಕು. ಕಡ್ಡಿ ಕಡ್ಡಿಯಾಗಿಯೇ ಉಳಿದು ಕಪ್ಪಾಗುತ್ತದೆ. ಅದರಿಂದ ಇನ್ನೊಬ್ಬ ಮನುಷ್ಯನ ಚಿತ್ರ ಬರೆಯಬಹುದು. ತಮಗೆ ಬೆಂಕಿ ಇಟ್ಟವರು ಇಡೀ ಸಾಮರ್‌ಸೆಟ್‌ನ ಗಾಳಿಯನ್ನು ಒಳಗೆ ಬಿಟ್ಟರು. ಸಿಕ್ಕಿದ್ದು ಬೂದಿ.

ಆಮೇಲಾದರೂ ಬುದ್ಧಿ ಬರಬೇಕಿತ್ತು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಆ ಕಲಾವಿದೆ ತಮ್ಮನ್ನು ಮತ್ತೆ ವಿಲ್ಲೋದಲ್ಲೇ ಹೆಣೆದರು. ಮುಂದೆ ಯಾರೂ ಬೆಂಕಿಯೊಂದಿಗೆ ಹತ್ತಿರ ಬಾರದಂತೆ ಸುತ್ತಲೂ ವೃತ್ತಾಕಾರದ ಕಂದಕ ತೋಡಿದರು. ಮನುಷ್ಯರಿಂದ ರಕ್ಷಣೆಗೆ ಕಂದಕ. ಆದರೆ ಶತ್ರು ಬಂದದ್ದು ಮೇಲಿನಿಂದ. ಹಕ್ಕಿಗಳು ತಮ್ಮ ತಲೆಯಿಂದ ಒಂದೊಂದೇ ಕಡ್ಡಿ ಕಿತ್ತು ಗೂಡಿಗೆ ಒಯ್ದವು. 2006ರಲ್ಲಿ ತಲೆಯನ್ನು ರಿಪೇರಿ ಮಾಡಬೇಕಾಯಿತು. ಒಂದು ಕಾಲದಲ್ಲಿ ಸೈನ್ಯದವರು ಸುದ್ದಿ ಒಯ್ಯುವ ಪಾರಿವಾಳಗಳನ್ನು ವಿಲ್ಲೋ ಬುಟ್ಟಿಯೊಳಗೆ ಕೂಡಿ ಯುದ್ಧಕ್ಕೆ ಸಾಗಿಸುತ್ತಿದ್ದರು. ಹಕ್ಕಿಗಳು ಹಳೆಯ ಲೆಕ್ಕ ಚುಕ್ತಾ ಮಾಡಿಕೊಂಡಿರಲೂಬಹುದು. ಏನೇ ಇರಲಿ, ನಮ್ಮ ಕಡೆಯ ಹಕ್ಕಿಗಳು ಪ್ರತಿಮೆಯ ತಲೆಯ ಮೇಲೆ ಕೂರುತ್ತವೆ, ತಮ್ಮ ಕೆಲಸ ಮುಗಿಸಿಕೊಂಡು ಹೋಗುತ್ತವೆ. ತಲೆಯನ್ನೇ ಮನೆಗೆ ಒಯ್ಯಲು ಯಾರೂ ಬಿಟ್ಟಿಲ್ಲ. ತಾವು ಬಿಟ್ಟಿರಿ. ಅದಕ್ಕೆ ತಕ್ಕುದಾದ ಕಡ್ಡಿಯನ್ನೇ ಒದಗಿಸಿದಿರಿ.

ಮಳೆಯ ಬಗ್ಗೆ ಹೇಳುವುದೇ ಬೇಡ. ಬಯಲಲ್ಲಿ ನಿಂತ ವಿಲ್ಲೋ ಹೆಣಿಗೆ ಐದು ವರ್ಷ ಬಾಳಿದರೆ ಚೆನ್ನ, ಹತ್ತು ಬಾಳಿದರೆ ಪುಣ್ಯ. ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಬಳಿದರೆ ಇನ್ನೊಂದಷ್ಟು ದಿನ. ನೆಲಕ್ಕೆ ತಾಗುವ ಕಡೆ ಮೊದಲು ಕೊಳೆಯುತ್ತದೆ. ಹಸಿ ಕಡ್ಡಿಯಾಗಿದ್ದು ನೆಲಕ್ಕೆ ಚುಚ್ಚಿದ್ದರಂತೂ ಇನ್ನೂ ದೊಡ್ಡ ಗೊಂದಲ: ಕೊಳೆಯುವ ಬದಲು ಬೇರು ಬಿಡುತ್ತದೆ. ಜರ್ಮನಿಯ ಔಯರ್‌ಸ್ಟೆಟ್‌ನಲ್ಲಿ ಮಾರ್ಸೆಲ್ ಕಾಲ್ಬೆರರ್ ಮತ್ತು ಅವರ ಬಳಗ 1998ರಲ್ಲಿ ಕಟ್ಟಿದ ವಿಲ್ಲೋ ಅರಮನೆ ಹಾಗೆ ಚಿಗುರಿಕೊಂಡೇ ನಿಂತಿದೆ. ಅದಕ್ಕೆ ಬಣ್ಣ ಬಳಿಯುವವರು ಬೇಡ, ಕತ್ತರಿ ಹಿಡಿದವರು ಬೇಕು. ಅಮೆರಿಕದ ಪ್ಯಾಟ್ರಿಕ್ ಡೋಹರ್ಟಿಯವರದು ಬೇರೆಯೇ ದಾರಿ. ಎಳೆ ಕೊಂಬೆ, ವಿಲ್ಲೋ ಸೆಳೆ ತರಿಸಿ, ಊರವರನ್ನು ಸೇರಿಸಿಕೊಂಡು ಮೂರು ವಾರದಲ್ಲಿ ಗಾಳಿಗೆ ವಾಲಿದಂಥ ಮನೆಗಳನ್ನು ಹೆಣೆಯುತ್ತಾರೆ. ಸುಮಾರು ಎರಡು ವರ್ಷ ಚೆನ್ನಾಗಿರುತ್ತದೆ, ಆಮೇಲೆ ತೆಗೆದುಹಾಕುವುದು ಎಂದು ಮೊದಲೇ ಹೇಳಿಬಿಡುತ್ತಾರೆ. ಮುನ್ನೂರಕ್ಕೂ ಹೆಚ್ಚು ಕೃತಿ ಮಾಡಿದ ಮನುಷ್ಯ. ಅವುಗಳಲ್ಲಿ ಬಹುಪಾಲು ಈಗ ಎಲ್ಲಿಯೂ ಇಲ್ಲ. ಇಷ್ಟು ಪ್ರಾಮಾಣಿಕತೆ ನಮ್ಮ ಕಡೆಯ ಶಂಕುಸ್ಥಾಪನೆಯ ಕಲ್ಲುಗಳಿಗೂ ಇಲ್ಲ.

ಇಲ್ಲಿ ಯಾರಾದರೂ ಎದ್ದು ನಿಂತು, ನಮ್ಮ ಮಣ್ಣಿನ ಗಣಪ ಇಲ್ಲವೇ ಎನ್ನುತ್ತಾರೆಂದು ಗೊತ್ತು. ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಗಣಪನನ್ನು ನಾವೇ ತರುತ್ತೇವೆ, ನಾವೇ ಗೊತ್ತಾದ ದಿನ ನೋಡಿ ವಾದ್ಯದ ಸಮೇತ ಬಿಡುತ್ತೇವೆ. ತಮಗೆ ವಿಸರ್ಜನೆಯ ತಿಥಿಯೇ ಗೊತ್ತಿರಲಿಲ್ಲ. ತಮ್ಮನ್ನು ನಿಲ್ಲಿಸಿದವರ ಮನಸ್ಸಿನಲ್ಲಿ ತಾವು ಹೆಗ್ಗುರುತು. ತಮ್ಮ ಮೈಯ ಮನಸ್ಸಿನಲ್ಲಿ ತಾವು ಒಂದು ಬೆಳೆ. ಆ ಎರಡರ ನಡುವೆ 3 ಟನ್ ಉಕ್ಕು.

ಉಕ್ಕಿನ ಮಾತು ಬಂದದ್ದರಿಂದ ಇದೊಂದನ್ನು ಗಂಭೀರವಾಗಿಯೇ ಕೇಳುತ್ತೇನೆ. ನೈಸರ್ಗಿಕ ವಸ್ತುವಿನ ಕಲೆ ಎಂದು ತಮ್ಮನ್ನು ಹೊಗಳಿದವರು ತಮ್ಮ ಬೆನ್ನೆಲುಬಿನ ಬಗ್ಗೆ ಸ್ವಲ್ಪ ಮೆಲ್ಲಗೆ ಮಾತಾಡಿದರು. 12 ಮೀಟರ್ ಎತ್ತರಕ್ಕೆ ಬಯಲ ಗಾಳಿ ಎದುರಿಸಿ ನಿಲ್ಲಲು ಬರಿಯ ಸೆಳೆ ಸಾಲದು, ಒಪ್ಪಿದೆ. ಆದರೆ ಸೆಳೆ ತನ್ನಷ್ಟಕ್ಕೆ ನಿಲ್ಲಬಲ್ಲ ಎತ್ತರ ಒಂದಿದೆ. ಬಲೂನಿನ ತೊಟ್ಟಿಲಿಗೆ ಇವತ್ತಿಗೂ ಕಡ್ಡಿಯ ಹೆಣಿಗೆಯನ್ನೇ ಬಳಸುವುದು ಅದು ನೆಲಕ್ಕೆ ಬಡಿದಾಗ ಬಳುಕಿ ಏಟು ನುಂಗುತ್ತದೆಂದು. ಆ ಬಳುಕು ತಮಗೆ ಬೇಕಾಗಲಿಲ್ಲ. ಹೆದ್ದಾರಿಯಿಂದ ಕಾಣುವ ಎತ್ತರ ಬೇಕಾಯಿತು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುವವರ ಕಣ್ಣಿಗೆ ಬೀಳಬೇಕೆಂದು ಹೊರಟ ವಿಲ್ಲೋ ಉಕ್ಕಿನ ಹಂಗಿಗೆ ಬಿದ್ದಿತು. ಇದರಲ್ಲಿ ನನಗೆ ತಮ್ಮ ಮೇಲೆ ಸ್ವಲ್ಪ ಮರುಕವೂ, ಎತ್ತರದ ರೋಗ ನಮಗೆ ಮಾತ್ರ ಅಲ್ಲವಲ್ಲ ಎಂಬ ಸಮಾಧಾನವೂ ಇದೆ.

ಆ ಹೆದ್ದಾರಿಯ ಕಣ್ಣಾದರೂ ಉಳಿಯಿತೇ? ತಮ್ಮ ಸುತ್ತ ಮನೆಗಳೆದ್ದವು. ಒಂದು ಸೂಪರ್‌ಮಾರ್ಕೆಟ್ ಕಂಪನಿಯ ವಿಶಾಲವಾದ ಗೋದಾಮು ಎದ್ದಿತು. ಬಯಲಿನಲ್ಲಿ ಒಬ್ಬರೇ ಓಡುತ್ತಿದ್ದವರು ಗೋಡೆಗಳ ನಡುವೆ ದಾರಿ ಹುಡುಕುವವರಂತೆ ಕಂಡಿರಿ. 2010ರ ದಶಕ ಮುಗಿಯುವ ಹೊತ್ತಿಗೆ ಹೊದಿಕೆ ಕಳಚಿ ಒಳಗಿನ ಕಬ್ಬಿಣ ಹೊರಗೆ ಕಾಣಿಸುತ್ತಿತ್ತು. ಗೋದಾಮಿಗೆ ಬೆಂಕಿ ತಗುಲದಂತೆ ಏರ್ಪಾಡು ಇರುತ್ತದೆ, ಹಕ್ಕಿ ಬಾರದಂತೆ ಬಲೆ ಇರುತ್ತದೆ. ಶಿಲ್ಪಕ್ಕಿಂತ ಗೋದಾಮು ಬಾಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಶಾಶ್ವತವಾದದ್ದು ಬೇಕೇಬೇಕೆಂದರೆ ತಮ್ಮ ಊರಿನ ಹತ್ತಿರವೇ, ಕಡಲ ದಡದ ಹಿಂಕ್ಲಿ ಪಾಯಿಂಟ್‌ನಲ್ಲಿ ಒಂದಿದೆ. 1965ರಲ್ಲಿ ಕೆಲಸ ಆರಂಭಿಸಿದ ಅಣು ವಿದ್ಯುತ್ ಸ್ಥಾವರ, ತಮ್ಮ ಅನಾವರಣವಾದ 2000ದಲ್ಲೇ ನಿವೃತ್ತಿಯಾಯಿತು. ಅದನ್ನು ಪೂರ್ತಿ ಕಳಚಿ ಜಾಗ ಶುದ್ಧ ಮಾಡುವ ಹೊತ್ತಿಗೆ ಈ ಶತಮಾನ ಮುಗಿಯುತ್ತ ಬಂದಿರುತ್ತದೆ. ಅದಕ್ಕೆ ಕಾವಲು ಉಂಟು, ಹಣ ಉಂಟು, ಮೊಮ್ಮಕ್ಕಳ ಕಾಲದವರೆಗಿನ ಕೆಲಸದ ಪಟ್ಟಿ ಉಂಟು. ನಿರ್ವಹಣೆ ಎಂದರೆ ಹಾಗಿರಬೇಕು.

ತಮ್ಮ ನಿರ್ವಹಣೆಗೆ ಬೇಕಾದದ್ದು ಹಣವೊಂದೇ ಅಲ್ಲ. ನನ್ನ ನಿಜವಾದ ದೂರು ಇದು. ತಮಗೆ ಬೆಳೆಯುವವರು ಬೇಕು, ಕೊಯ್ಯುವವರು ಬೇಕು, ನೆನೆಹಾಕುವವರು ಬೇಕು, ಹೆಣೆಯುವವರು ಬೇಕು. ಒಂದು ಸಲ ಅಲ್ಲ, ಪ್ರತಿ ಐದಾರು ವರ್ಷಕ್ಕೆ. 1930ರ ದಶಕದಲ್ಲಿ ಆ ಬಯಲಿನಲ್ಲಿ ಸುಮಾರು 3,600 ಹೆಕ್ಟೇರ್‌ನಲ್ಲಿ ವಿಲ್ಲೋ ಬೆಳೆಯುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಗುಂಡುಗಳನ್ನು ಸಾಗಿಸಲು ವಿಲ್ಲೋ ಬುಟ್ಟಿ, ಎರಡನೆಯದರಲ್ಲಿ ವಿಮಾನದಿಂದ ಸಾಮಾನು ಇಳಿಬಿಡಲು ವಿಲ್ಲೋ ಪೆಟ್ಟಿಗೆ. ಆಮೇಲೆ ಪ್ಲಾಸ್ಟಿಕ್ ಬಂತು, ರಟ್ಟಿನ ಡಬ್ಬಿ ಬಂತು. ತಾವು ಹುಟ್ಟುವ ಹೊತ್ತಿಗೆ ಉಳಿದದ್ದು ಸುಮಾರು 140 ಹೆಕ್ಟೇರ್. ಇದು ನಮಗೆ ಅರ್ಥವಾಗದ ಕಥೆಯಲ್ಲ. ನಮ್ಮ ಮೇದಾರರ ಬಿದಿರಿನ ಮೊರ, ಬುಟ್ಟಿಗಳೂ ಪ್ಲಾಸ್ಟಿಕ್ಕಿನ ಎದುರು ಹೀಗೆಯೇ ಸಂತೆಯ ಅಂಚಿಗೆ ಸರಿದವು. ಬುಟ್ಟಿ ಹೆಣೆಯುವ ಕಸುಬು ಸೊರಗುತ್ತಿರುವಾಗ ಆ ಕಸುಬಿಗೆ ಸ್ಮಾರಕವಾಗಿ ಬುಟ್ಟಿಯನ್ನೇ ನಿಲ್ಲಿಸಿದರು. ಸ್ಮಾರಕ ಉಳಿಯಬೇಕಾದರೆ ಕಸುಬು ಉಳಿಯಬೇಕು ಎಂಬ ಕರಾರನ್ನು ತಾವು ಮೈತುಂಬ ಹೆಣೆದುಕೊಂಡು ಬಂದಿರಿ. ಎಂಥ ಚಾಲಾಕಿತನ!

ಕಂಚಿನವರು ಇಂಥ ಕಿರಿಕಿರಿ ಮಾಡುವುದಿಲ್ಲ. ಕನ್ನಡ ಶಾಲೆ ಮುಚ್ಚಿದರೂ ಎದುರಿನ ವೃತ್ತದಲ್ಲಿ ಕವಿಗಳು ಹಾಗೆಯೇ ಕೂತಿರುತ್ತಾರೆ, ಒಂದು ಬೆರಳೂ ಉದುರುವುದಿಲ್ಲ. ನಾವು ಅಷ್ಟು ದುಡ್ಡು ಕೊಟ್ಟು ಲೋಹ ಕೊಳ್ಳುವುದೇ ಅದಕ್ಕೆ: ಒಮ್ಮೆ ನಿಲ್ಲಿಸಿದರೆ ಮತ್ತೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ. ತಾವೂ ಹಾಗಿದ್ದಿದ್ದರೆ ತಮ್ಮನ್ನು ನೆಮ್ಮದಿಯಾಗಿ ಮರೆಯಬಹುದಿತ್ತು. ಆದರೆ ತಲೆ ಹೋಯಿತು, ತೋಳು ಹೋಯಿತು ಎಂದು ಊರಿಗೆ ಊರೇ ಆಗಾಗ ತಮ್ಮ ಕಡೆ ಕತ್ತೆತ್ತಿ ನೋಡುವಂತೆ ಮಾಡಿದಿರಿ. ಸಾರ್ವಜನಿಕರಿಗೆ ಇದೆಂಥ ಕಿರುಕುಳ ಎಂದು ತಾವೇ ಯೋಚಿಸಿ.

ಇಷ್ಟಾದರೂ ತಮ್ಮನ್ನು ಯಾರಾದರೂ ಮೂರನೆಯ ಸಲ ಹೆಣೆಯುತ್ತೇವೆಂದು ಬಂದರೆ ಒಪ್ಪಿಕೊಳ್ಳಿ, ಆದರೆ ಟೆಂಡರ್ ಫಾರಂ ನಮ್ಮವರಿಂದ ತುಂಬಿಸಿ, ನಮಗೆ ರೂಢಿಯಿದೆ. ವಸ್ತು: ಅದೇ ಬಯಲಿನಲ್ಲಿ, ಅದೇ ಚಳಿಗಾಲ ಕೊಯ್ದ ಸೆಳೆ. ಎತ್ತರ: ಸೆಳೆ ಒಪ್ಪಿದಷ್ಟು. ಬಾಳಿಕೆ: ಹಕ್ಕಿಗಳೊಂದಿಗೆ ಮಾತುಕತೆಯ ಮೇರೆಗೆ. ನಿರ್ವಹಣೆ: ಪ್ರತಿ ಐದು ವರ್ಷಕ್ಕೊಮ್ಮೆ ಊರಿನ ಹುಡುಗ ಹುಡುಗಿಯರಿಗೆ ಹೆಣಿಗೆ ಕಲಿಸಿ ಅವರಿಂದಲೇ ಮಾಡಿಸತಕ್ಕದ್ದು. ಉದ್ಘಾಟಕರು: ಅಡಿಗೊಂದು ದಿನದ ಲೆಕ್ಕದಲ್ಲಿ ಕಾಯಲು ತಯಾರಿರುವ ಯಾರಾದರೂ. ಠೇವಣಿ ಎಂಬ ಅಂಕಣದಲ್ಲಿ ಮಾತ್ರ ಏನನ್ನು ಬರೆಯಬೇಕೋ ತಿಳಿಯಲಿಲ್ಲ. ಸದ್ಯಕ್ಕೆ 3 ಟನ್ ಉಕ್ಕು ಎಂದು ಬರೆದಿದ್ದೇನೆ.

ಇಂತಿ,
ಕಂಚಿನ ನೆರಳಿನಲ್ಲಿ ಬಸ್ಸಿಗೆ ಕಾಯುತ್ತಿರುವ
ಒಬ್ಬ ಕನ್ನಡಿಗ